ಅಪ್ಪನ ಕಡೆಯ ಸಾಲು

ಜನವರಿ 9

ಪ್ರೀತಿಯ ಅತ್ತೆಗೆ,

ಎರಡು ಬಿಳಿ ಕೋಟು ಬೇಕು. ಅಳತೆ ಬರೆದೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಿಮ್ಮ ಕಿವಿಗೆ ಮೂವತ್ತನಾಲ್ಕು ಹೋಗಿ ನಲವತ್ತನಾಲ್ಕಾಗುತ್ತದೆ, ಆಮೇಲೆ ನನಗೆ ಡೇರೆಯಂಥ ಕೋಟು ಬರುತ್ತದೆ. ಹೋದ ವರ್ಷ ಬಂದದ್ದನ್ನು ಅಮ್ಮ ಈಗಲೂ ಸೋಫಾಕ್ಕೆ ಹೊದಿಸುತ್ತಾಳೆ.

ಎದೆ ಮೂವತ್ತನಾಲ್ಕು, ಸೊಂಟ ಮೂವತ್ತೊಂದು, ಭುಜ ಹದಿನಾಲ್ಕು, ತೋಳು ಇಪ್ಪತ್ತೆರಡೂವರೆ. ಸೊಂಟದ ಬಗ್ಗೆ ಭಾಷಣ ಬೇಡ. ಮೂವತ್ತಾರು ವರ್ಷವಾಯಿತು, ಇಷ್ಟಾದರೂ ಇರಬೇಡವೇ?

ಕೋಟು ಯಾಕೆಂದರೆ ನನ್ನನ್ನು ಹೊಸ ವಿಭಾಗಕ್ಕೆ ಹಾಕಿದ್ದಾರೆ. ಹತ್ತು ವರ್ಷ ಮುರಿದ ಕೈಕಾಲುಗಳ ಎಕ್ಸ್‌ರೇ ತೆಗೆದದ್ದು ಸಾಕು, ಇನ್ನು ಹೆಂಗಸರ ಮ್ಯಾಮೊಗ್ರಾಮ್, ಅಂದರೆ ಎದೆಯ ಕ್ಯಾನ್ಸರ್ ಹುಡುಕುವ ಎಕ್ಸ್‌ರೇ, ತೆಗೆಯಬೇಕು. ಕಾಯಿಲೆ ಇಲ್ಲದವರೇ ಬರುವ ಜಾಗ ಇದು. ಇದ್ದರೆ ಬೇಗ ತಿಳಿಯಲಿ ಅಂತ ಬರುತ್ತಾರೆ. ಬಂದವರು ಮೊದಲು ಒಂದು ಫಾರಂ ತುಂಬಬೇಕು. ಹಿರಿಯ ಸಿಸ್ಟರ್ ಮೊದಲ ದಿನವೇ ನಮ್ಮ ಕೈಯಲ್ಲೂ ಅದನ್ನು ತುಂಬಿಸಿದರು. "ಬೇರೆಯವ್ರನ್ನ ಕೇಳೋದು ಸುಲಭ, ನೀವೂ ಒಂದ್ಸಲ ಬರ್ದು ನೋಡಿ" ಅಂದರು.

ಅಮ್ಮನಿಗೆ ಇತ್ತೇ, ಅಕ್ಕತಂಗಿಯರಿಗೆ ಇತ್ತೇ, ಅಮ್ಮನ ಕಡೆ ಯಾರಿಗಾದರೂ, ಅಪ್ಪನ ಕಡೆ ಯಾರಿಗಾದರೂ. ಎಲ್ಲ ಸಾಲಿಗೂ 'ಇಲ್ಲ' ಅಂತ ಗುರುತು ಹಾಕಿ ಎರಡು ನಿಮಿಷಕ್ಕೆ ಎದ್ದೆ. ಅಪ್ಪನ ಕಡೆಯ ಸಾಲಿಗೆ ಬಂದಾಗ ನಿಮ್ಮ ನೆನಪಾಗಿ ನಗು ಬಂತು. ಅಜ್ಜಿ ಪಾಪ ಹೊಟ್ಟೆನೋವಿನಲ್ಲಿ ಹೋದರು, ನಮ್ಮತ್ತೆಗೆ ನೆಗಡಿ ಕೂಡ ಬರುವುದಿಲ್ಲ!

ಜೇಬು ದೊಡ್ಡದಾಗಿರಲಿ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಹೋಗಿ ಮೂರು ವರ್ಷವಾದರೂ ಅವರ ಕನ್ನಡಕದ ಡಬ್ಬಿ ದಿನಾ ಒರೆಸುತ್ತಾಳೆ.

ನಿಮ್ಮ,
ಸೂಜಿ


ಜನವರಿ 27

ಸೂಜಿ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲೆ ಕೂತಿತ್ತು ಅಂತ ಬರೆಯಬೇಕೆಂದಿದ್ದೆ. ಅದು ಸುಳ್ಳೇನಲ್ಲ, ನೂರಹತ್ತು ಅಂಗಿ, ಒಂದೊಂದಕ್ಕೆ ಆರು ಕಾಜ. ಪಕ್ಕದ ಬೀಗದ ಅಂಗಡಿಯವನು ಬೆಳಗಿನಿಂದ ಕೀಲಿಕೈಗೆ ಅರ ಹಾಕಿ ಉಜ್ಜುತ್ತಾನೆ, ನನ್ನ ಮೆಷಿನ್ ಸದ್ದಿಗೆ ಅವನು ಬೈಯುತ್ತಾನೆ. ಹೀಗೆ ಇಬ್ಬರ ದಿನವೂ ಕಳೆಯುತ್ತದೆ.

ಕೋಟಿನ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ. ಸೊಂಟದ ಬಗ್ಗೆ ಏನೂ ಹೇಳುವುದಿಲ್ಲ. ಹೊಲಿಗೆಯಲ್ಲಿ ಒಂದಿಂಚು ಬಿಟ್ಟಿರುತ್ತೇನೆ, ಅರ್ಥ ಮಾಡಿಕೋ.

ನೀನು ಬರೆದ ಆ ಫಾರಂ ಇದೆಯಲ್ಲ, ಒಮ್ಮೆ ಕೊಟ್ಟ ಮೇಲೆ ಮುಗಿಯಿತೇ? ಸುಮ್ಮನೆ ಕೇಳಿದೆ. ಮತ್ತೆ, ಯಂತ್ರ ಕೈಯಳತೆಯಲ್ಲೇ ಇದೆಯಲ್ಲ, ನೀನೂ ಒಂದು ಸಲ ತೆಗೆಸಿಕೊಂಡುಬಿಡು. ವರ್ಷ ವರ್ಷ ತೆಗೆಸಿಕೊಂಡರೆ ಇನ್ನೂ ಒಳ್ಳೆಯದು. ಅಂಗಡಿಗೆ ಬರುವ ಟೀಚರಮ್ಮ ಒಬ್ಬರು ಹಾಗಂದರು.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ಅತ್ತೆ


ಫೆಬ್ರವರಿ 5

ಪ್ರೀತಿಯ ಅತ್ತೆಗೆ,

ನಿಮ್ಮ ಟೀಚರಮ್ಮನಿಗೆ ಹೇಳಿ, ಎಲ್ಲರಿಗೂ ಒಂದೇ ಅಳತೆಯ ಅಂಗಿ ಆಗುವುದಿಲ್ಲ ಅಂತ. ಇದು ನಿಮ್ಮದೇ ಮಾತು, ನಾನು ಕದ್ದಿದ್ದೇನೆ.

ನಮ್ಮ ಮೇಜಿನ ಮೇಲೆ ಮೂರು ಟ್ರೇ ಇವೆ. ಬಿಳಿ, ಹಳದಿ, ಕೆಂಪು. ಫಾರಂ ಓದಿ ಡಾಕ್ಟರಮ್ಮ ಯಾವುದಾದರೂ ಒಂದರಲ್ಲಿ ಹಾಕುತ್ತಾರೆ. ಮನೆಯಲ್ಲಿ ಯಾರಿಗೂ ಇಲ್ಲದವರು ಬಿಳಿ ಟ್ರೇ. ನಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ಅವರಿಗೆ ನಲವತ್ತು ತುಂಬಿದ ಮೇಲೆ ಎರಡು ವರ್ಷಕ್ಕೊಮ್ಮೆ. ಬೇರೆ ಕಡೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಹತ್ತಿರದ ಒಬ್ಬರಿಗೆ ವಯಸ್ಸಾದ ಮೇಲೆ ಬಂದಿದ್ದರೆ ಹಳದಿ, ಅವರು ವರ್ಷಕ್ಕೊಮ್ಮೆ ಬರಬೇಕು. ಒಂದೇ ಕಡೆ ಇಬ್ಬರು ಮೂವರಿಗೆ, ಅದೂ ಚಿಕ್ಕ ವಯಸ್ಸಿಗೇ ಬಂದಿದ್ದರೆ ಕೆಂಪು. ಅವರಿಗೆ ಮೂವತ್ತರಿಂದಲೇ ಶುರು, ಮ್ಯಾಮೊಗ್ರಾಮ್ ಜೊತೆಗೆ ಎಂಆರ್‌ಐ ಕೂಡ, ಪ್ರತಿ ವರ್ಷ.

ನನ್ನ ಫಾರಂ ಬಿಳಿಯಲ್ಲಿದೆ. ನಾಲ್ಕು ವರ್ಷ ಬಿಟ್ಟು ಬಾ, ಅಲ್ಲಿಯವರೆಗೆ ಏನಾದರೂ ಬದಲಾವಣೆ ಕಂಡರೆ ಮಾತ್ರ ಹೇಳು ಅಂದಿದ್ದಾರೆ. ಹೆಚ್ಚು ತೆಗೆಸಿಕೊಂಡರೆ ಹೆಚ್ಚು ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ, ಹಾಗಲ್ಲವಂತೆ. ಅಪಾಯ ಕಡಿಮೆ ಇರುವ ಚಿಕ್ಕವರಲ್ಲಿ ಏನೂ ಇಲ್ಲದಿದ್ದರೂ ನೆರಳು ಕಾಣುತ್ತದೆ, ಮತ್ತೆ ಕರೆಸುತ್ತಾರೆ, ಸೂಜಿ ಹಾಕಿ ಚೂರು ತೆಗೆದು ನೋಡುತ್ತಾರೆ. ಹೋದ ವಾರ ಒಬ್ಬಳು ಹೀಗೇ ಹತ್ತು ದಿನ ಅನ್ನನೀರು ಬಿಟ್ಟು ಕೂತಿದ್ದಳು. ಕೊನೆಗೆ ಏನೂ ಇರಲಿಲ್ಲ.

ಅಂದಹಾಗೆ ಫಾರಂ ಯಾವಾಗ ಬೇಕಾದರೂ ತಿದ್ದಬಹುದು. ಯಾಕೆ ಕೇಳಿದಿರಿ?

ನಿಮ್ಮ,
ಸೂಜಿ


ಫೆಬ್ರವರಿ 18

ಸೂಜಿ,

ಕೋಟುಗಳನ್ನು ಇವತ್ತಿನ ಅಂಚೆಯಲ್ಲಿ ಕಳಿಸಿದ್ದೇನೆ. ಬಲಗಡೆಯ ಜೇಬಿನೊಳಗೆ ಪೆನ್ನಿಗೆ ಒಂದು ಸಣ್ಣ ಜೇಬು ಇಟ್ಟಿದ್ದೇನೆ. ಹಾಕಿಕೊಂಡು ನೋಡಿ ಬರೆ.

ಟ್ರೇಗಳ ವಿಷಯ ಓದಿದೆ. ನೀನು ಅಲ್ಲೇ ಕೆಲಸ ಮಾಡುವವಳು. ನಿನ್ನ ಫಾರಂ ಒಂದನ್ನು ಬಿಳಿಯಿಂದ ತೆಗೆದು ಕೆಂಪಿಗೆ ಹಾಕಿದರೆ ಯಾರು ಕೇಳುತ್ತಾರೆ? ಡಾಕ್ಟರಮ್ಮ ಪ್ರತಿಯೊಂದನ್ನೂ ಮತ್ತೆ ಓದುತ್ತಾರೆಯೇ? ದೊಡ್ಡವಳು ಹೇಳಿದಳು ಅಂತ ಮಾಡಿಬಿಡು. ಕಾರಣ ಕೇಳಬೇಡ. ನನಗೆ ವಯಸ್ಸಾಯಿತು, ಸುಮ್ಮಸುಮ್ಮನೆ ಏನೇನೋ ಯೋಚನೆ ಬರುತ್ತದೆ.

ನಿನ್ನ ಅತ್ತೆ


ಫೆಬ್ರವರಿ 28

ಅತ್ತೆ,

ಕೋಟು ಹೇಳಿ ಹೊಲಿಸಿದ ಹಾಗಿದೆ. ಹೇಳಿಯೇ ಹೊಲಿಸಿದ್ದು, ಆದರೂ.

ಆದರೆ ನಿಮ್ಮ ಪತ್ರ ಓದಿ ನನಗೆ ಒಂದು ಥರ ಆಯಿತು. ನೀವು ಅಳತೆಯಲ್ಲಿ ಕಾಲಿಂಚು ಸುಳ್ಳು ಹೇಳದವರು, ಫಾರಂ ಕದ್ದು ಟ್ರೇ ಬದಲಾಯಿಸು ಅನ್ನುತ್ತಿದ್ದೀರಿ. ಕೆಂಪು ಟ್ರೇ ಅಂದರೆ ಬರೀ ಟ್ರೇ ಅಲ್ಲ. ಡಾಕ್ಟರಮ್ಮ ಕೂರಿಸಿಕೊಂಡು ಕೇಳುತ್ತಾರೆ: ಯಾರಿಗೆ, ಯಾವ ವಯಸ್ಸಿಗೆ, ಒಂದು ಕಡೆಯೋ ಎರಡೂ ಕಡೆಯೋ. ನಾನೇನು ಹೇಳಲಿ, ನಮ್ಮತ್ತೆಗೆ ಏನೇನೋ ಯೋಚನೆ ಬರುತ್ತದೆ ಅಂತಲೇ?

ಇನ್ನೊಂದು ವಿಷಯ. ಮೊನ್ನೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಎದೆಯಲ್ಲಿ ಗಂಟು ಇಟ್ಟುಕೊಂಡೇ ಬಂದರು. ನಲವತ್ತು ತುಂಬಲು ಇನ್ನೂ ಮೂರು ತಿಂಗಳಿತ್ತು. ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ'. ಪರೀಕ್ಷೆಯೆಲ್ಲ ಆದ ಮೇಲೆ ಅವರ ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತು, "ನಮ್ಮ ಯಜಮಾನರ ಅಕ್ಕಂಗೂ ಇದೇ ಆಗಿತ್ತು, ಹೇಳ್ಕೊಳ್ಳೋ ಕಾಯಿಲೆನಾ ಅದು" ಅಂತ ಅತ್ತರು. ಆ ಮಗಳು ಅಮ್ಮನನ್ನು ನೋಡಿದ ನೋಟ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಅತ್ತೆ, ನನ್ನ ಹತ್ತಿರ ಹೇಳುವುದು ಏನಾದರೂ ಇದೆಯೇ?

ಸೂಜಿ


ಮಾರ್ಚ್ 19

ಸೂಜಿ,

ಇದೆ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗೆ ಬಂದರೂ ಕಳಿಸುತ್ತೇನೆ.

ನಿನ್ನ ಅಜ್ಜಿ ಹೊಟ್ಟೆನೋವಿನಲ್ಲಿ ಹೋಗಲಿಲ್ಲ. ಅವಳಿಗೆ ಎದೆಯಲ್ಲಿ ಹುಣ್ಣಾಗಿತ್ತು. ಹಿಂದಿನ ಕೋಣೆಗೆ ಪರದೆ ಕಟ್ಟಿಸಿಕೊಂಡು ಅದರ ಹಿಂದೆ ಒಂದು ವರ್ಷ ಮಲಗಿದ್ದಳು. ಬಟ್ಟೆ ಬದಲಾಯಿಸಲು ನನ್ನೊಬ್ಬಳನ್ನೇ ಒಳಗೆ ಬಿಡುತ್ತಿದ್ದಳು. ಅವಳಿಗೆ ನಲವತ್ತನಾಲ್ಕು, ನನಗೆ ಹತ್ತೊಂಬತ್ತು. "ಯಾರ್ಗೂ ಹೇಳ್ಬೇಡ ಕಣೆ, ನಾಳೆ ನಿನ್ನನ್ನ ಯಾರು ಮಾಡ್ಕೋತಾರೆ?" ಅಂದಳು. ಹೇಳುವುದಿಲ್ಲ ಅಂದೆ. ಮದುವೆ ಹೇಗೂ ಆಗಲಿಲ್ಲ, ಮಾತು ಮಾತ್ರ ಉಳಿದುಕೊಂಡಿತು.

ಆಮೇಲೆ ನನ್ನ ಸರದಿ. ನನಗಾಗ ನಲವತ್ತೊಂದು. ನನಗಾಗಿ ಒಂದು ಅಂಗಿ ಹೊಲಿಯುತ್ತಿದ್ದೆ, ಎಡಗಡೆಯ ಡಾರ್ಟ್ ಕೂರಲೇ ಇಲ್ಲ. ಡಾರ್ಟ್ ಅಂದರೆ ಎದೆಯ ಹತ್ತಿರ ಬಟ್ಟೆ ಚೂಪಾಗಿ ಮಡಿಸಿ ಹಾಕುವ ಹೊಲಿಗೆ. ಬಿಚ್ಚಿದೆ, ಮತ್ತೆ ಹಾಕಿದೆ. ಬೇರೆ ಅಂಗಿಯಲ್ಲೂ ಅದೇ ಜಾಗದಲ್ಲಿ ಸುಕ್ಕು. ನನ್ನ ಕೈಯೇ ಕೆಟ್ಟಿತು, ಬಟ್ಟೆಯೇ ಸರಿಯಿಲ್ಲ ಅಂತ ನಾಲ್ಕು ತಿಂಗಳು ಬಟ್ಟೆಯನ್ನೇ ತಿದ್ದುತ್ತಾ ಕೂತೆ. ಇಪ್ಪತ್ತು ವರ್ಷ ಊರಿನ ಹೆಂಗಸರ ಮೈ ಅಳೆದವಳು ನಾನು, ನನ್ನ ಮೈ ಬದಲಾಗಿದೆ ಅಂತ ನನಗೆ ಹೊಳೆಯಲಿಲ್ಲ. ಹೊಳೆಯಿತೋ ಏನೋ, ಬೇಡ ಅಂತ ಅತ್ತ ತಳ್ಳಿದೆನೋ ಏನೋ.

ನಿನ್ನಪ್ಪನಿಗೆ ಮಾತ್ರ ಹೇಳಿದೆ. ಅಣ್ಣ ಬೇರೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಡಗಡೆಯದನ್ನು ಪೂರ್ತಿ ತೆಗೆದರು. ಬಟ್ಟೆ ಕಾರ್ಖಾನೆಯಲ್ಲಿ ಆರು ತಿಂಗಳು ಮೇಲ್ವಿಚಾರಕಿಯ ಕೆಲಸ ಸಿಕ್ಕಿದೆ ಅಂತ ನಿಮಗೆಲ್ಲ ಹೇಳಿದ್ದು ನೆನಪಿದೆಯೇ? ಆ ಆರು ತಿಂಗಳು ನಾನು ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ತಲೆಗೂದಲು ಉದುರಿ ಕೂತಿದ್ದೆ. ಅಣ್ಣ ಪ್ರತಿ ಶನಿವಾರ ಬರುತ್ತಿದ್ದ. ಯಾರಿಗೂ ಹೇಳಬೇಡ ಅಂತ ಅವನ ಕೈ ಹಿಡಿದು ಮಾತು ತೆಗೆದುಕೊಂಡೆ, ಅತ್ತಿಗೆಗೂ ಬೇಡ ಅಂದೆ. ಅವನು ಸಾಯುವವರೆಗೂ ಬಾಯಿ ಬಿಡಲಿಲ್ಲ. ಹದಿನೇಳು ವರ್ಷದಿಂದ ನನ್ನ ಒಳಂಗಿಗೆ ನಾನೇ ಹತ್ತಿ ಮತ್ತು ಕಾಳು ತುಂಬಿ ತೂಕ ಸಮ ಮಾಡಿ ಹೊಲಿದುಕೊಳ್ಳುತ್ತಿದ್ದೇನೆ. ನಿನಗೇ ಗೊತ್ತಾಗಲಿಲ್ಲ ಅಂದರೆ ಕೆಲಸ ಎಷ್ಟು ನೀಟಾಗಿದೆ ನೋಡು.

ಅದೇ ತಿಂಗಳುಗಳಲ್ಲಿ ನನ್ನ ಚಿಕ್ಕಮ್ಮ, ಅಂದರೆ ನಿನ್ನ ಅಜ್ಜಿಯ ತಂಗಿ, ತೀರಿಕೊಂಡರು. ಅವರ ದೊಡ್ಡ ಮಗಳು ಮೊಂಡಿಯೂ ನಾನೂ ಒಂದೇ ವಯಸ್ಸಿನವರು, ಒಂದೇ ಬೆಂಚಿನಲ್ಲಿ ಕೂತು ಹೊಲಿಗೆ ಕಲಿತವರು. ಬೋಳು ತಲೆ ಇಟ್ಟುಕೊಂಡು ಹೇಗೆ ಹೋಗಲಿ? ಹೋಗಲಿಲ್ಲ. "ನಮ್ಮಮ್ಮನ ಮುಖ ನೋಡೋಕೆ ಬಾರದವಳು ನನ್ನ ಪಾಲಿಗೂ ಇಲ್ಲ" ಅಂತ ಅವಳು ಒಂದು ಸಾಲು ಬರೆದಳು. ನಾನು ಉತ್ತರ ಬರೆಯಲಿಲ್ಲ.

ಈಗ ನಿನ್ನ ಫಾರಂನಲ್ಲಿ ಬರೆ. ಅಪ್ಪನ ಅಮ್ಮ, ನಲವತ್ತನಾಲ್ಕು. ಅಪ್ಪನ ತಂಗಿ, ನಲವತ್ತೊಂದು. ಅಪ್ಪನ ಕಡೆಯದು ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಅಮ್ಮನ ಕಡೆಯಿಂದ ಮಾತ್ರ ಬರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿನ್ನ ಮೊದಲ ಪತ್ರದಲ್ಲಿ ಅಪ್ಪನ ಕಡೆಗೂ ಒಂದು ಸಾಲಿದೆ ಅಂತ ಓದಿದಾಗ ಕೈಯಲ್ಲಿದ್ದ ಕತ್ತರಿ ಬಿತ್ತು.

ಕ್ಷಮಿಸು ಅನ್ನಲು ನನಗೆ ಮುಖವಿಲ್ಲ.

ಅತ್ತೆ


ಏಪ್ರಿಲ್ 30

ಅತ್ತೆ,

ನಿಮ್ಮ ಪತ್ರ ಐದಾರು ವಾರದಿಂದ ನನ್ನ ಡ್ರಾಯರಿನಲ್ಲಿದೆ. ಬೇಕೆಂದೇ ಉತ್ತರ ಬರೆಯಲಿಲ್ಲ. ನನಗೆ ಕೋಪ ಬಂದಿದೆ, ಅದನ್ನು ಸಕ್ಕರೆ ಹಾಕಿ ಹೇಳಲು ಬರುವುದಿಲ್ಲ. ಮೂವತ್ತಕ್ಕೇ ಶುರುವಾಗಬೇಕಿತ್ತು, ಆರು ವರ್ಷ ಹೋಯಿತು. ಒಂದು ಸಾಲು, ಅತ್ತೆ. ಇಷ್ಟು ವರ್ಷ ಕೋಟಿನ ಜೊತೆ, ಅಂಗಿಯ ಜೊತೆ ಎಷ್ಟೊಂದು ಪತ್ರ ಬರೆದಿರಿ, ಅದರಲ್ಲಿ ಒಂದು ಸಾಲು ಸಾಕಿತ್ತು.

ಪತ್ರ ಬಂದ ಮರುದಿನವೇ ಹಿರಿಯ ಸಿಸ್ಟರ್ ಎದುರು ನನ್ನ ಫಾರಂ ತೆಗೆದು 'ಇಲ್ಲ' ಹೊಡೆದುಹಾಕಿ ನೀವು ಹೇಳಿದ್ದನ್ನು ಬರೆದೆ. ಅವರು ಬಿಳಿ ಟ್ರೇಯಿಂದ ಎತ್ತಿ ಕೆಂಪಿಗೆ ಹಾಕಿದರು. ಆ ಟ್ರೇಯಿಂದ ದಿನಾ ಬೇರೆಯವರ ಕಾಗದ ಎತ್ತಿಕೊಳ್ಳುವವಳು ನಾನು. ಅವತ್ತು ನನ್ನದನ್ನೇ ಎತ್ತಿ ಡಾಕ್ಟರಮ್ಮನ ಮುಂದೆ ಇಟ್ಟೆ.

ಅಮ್ಮನಿಗೆ ಹೇಳಿದೆ. ಮುಚ್ಚಿಡುವ ಕೆಲಸ ನನ್ನಿಂದಾಗುವುದಿಲ್ಲ. ಅವಳು ಅಪ್ಪನ ಕನ್ನಡಕದ ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಏನಂದಳು ಗೊತ್ತೇ? "ಆ ವರ್ಷ ಪ್ರತಿ ಶನಿವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತಿದ್ರು. ಎಲ್ಲಿಗೆ ಅಂದ್ರೆ ಆಫೀಸ್ ಕೆಲಸ ಅಂತಿದ್ರು. ಇನ್ನೊಬ್ಬಳು ಯಾರೋ ಇದಾಳೆ ಅಂತ ನಾನು ಅಂದ್ಕೊಂಡಿದ್ದೆ. ಕೇಳೋಕೆ ಭಯ ಆಯ್ತು, ಕೇಳ್ಲೇ ಇಲ್ಲ. ಕೊನೇವರ್ಗೂ ಅದನ್ನೇ ಹೊಟ್ಟೇಲಿ ಇಟ್ಕೊಂಡು ಅವರಿಗೆ ಊಟ ಬಡ್ಸಿದೆ." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಮ್ಮ ಗುಟ್ಟಿಗೆ ಯಾರು ಯಾರು ಏನೇನು ತೆತ್ತರು ಅಂತ ನಿಮಗೂ ತಿಳಿದಿರಲಿ.

ಇನ್ನು ಮುಂದಿನ ಮಾತು. ಇದು ರಕ್ತಸಂಬಂಧದಲ್ಲಿ ಬರುವ ಜೀನ್ ದೋಷ ಇರಬಹುದು ಅನ್ನುತ್ತಾರೆ ಡಾಕ್ಟರಮ್ಮ. ಅಪ್ಪನಿಂದ ಮಗಳಿಗೂ ಬರುತ್ತದೆ, ಅಪ್ಪನಿಗೆ ಏನೂ ಆಗದಿದ್ದರೂ. ಅದನ್ನು ಹುಡುಕುವಾಗ ಮೊದಲು ಕಾಯಿಲೆ ಬಂದವರ ರಕ್ತವನ್ನೇ ಪರೀಕ್ಷಿಸಬೇಕಂತೆ. ಅಲ್ಲಿ ಏನು ಹುಡುಕಬೇಕು ಅಂತ ಗೊತ್ತಾದರೆ ನನ್ನ ರಕ್ತದಲ್ಲಿ ಅದು ಇದೆಯೋ ಇಲ್ಲವೋ ಖಚಿತವಾಗಿ ಹೇಳಬಹುದು. ಅಜ್ಜಿ ಇಲ್ಲ. ಇರುವವರು ನೀವೊಬ್ಬರೇ. ನೀವು ಬರಬೇಕು. ನಿಮ್ಮ ಬಲಗಡೆಯದನ್ನೂ ಪರೀಕ್ಷಿಸಬೇಕು. ಇಷ್ಟು ವರ್ಷ ಒಂದು ಸಲವೂ ತೋರಿಸಿಲ್ಲ, ಅಲ್ಲವೇ?

ಸೂಜಿ


ಮೇ 8

ಸೂಜಿ,

ಎರಡು ವರ್ಷ ತೋರಿಸಿದೆ, ಆಮೇಲೆ ಬಿಟ್ಟೆ. ಅಲ್ಲಿ ಪ್ರತಿ ಸಲವೂ ಹೊಸ ಮುಖ, ಪ್ರತಿ ಸಲವೂ ಬಿಚ್ಚಿ ನಿಲ್ಲಬೇಕು. ಮನೆಯಲ್ಲಿ ಕನ್ನಡಿಯ ಮುಂದೆಯೂ ನಾನು ಹಾಗೆ ನಿಂತಿಲ್ಲ. ಬೇರೆ ಹೆಂಗಸರಿಗೆ "ನಾಚ್ಕೋಬೇಡಿ, ಕೈ ಮೇಲೆತ್ತಿ" ಅಂತ ದಿನಾ ಹೇಳುವವಳು ನಾನು. ಹೇಳುವುದು ಸುಲಭ.

ಅತ್ತಿಗೆಯ ಮಾತು ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಬೀಗದವನು ಬಂದು ಬಾಗಿಲು ಬಡಿದ. ಬದುಕಿದ್ದೀರಾ ಅಂತ ಕೇಳಿದ, ಇದ್ದೇನೆ ಅಂದೆ.

ಇಪ್ಪತ್ತೊಂದನೆಯ ತಾರೀಖು ಬೆಳಗಿನ ಬಸ್ಸಿಗೆ ಬರುತ್ತೇನೆ. ಯಂತ್ರದ ಹತ್ತಿರ ನೀನು ಇರಬೇಡ. ಬೇರೆ ಯಾರನ್ನಾದರೂ ನಿಲ್ಲಿಸು.

ಅತ್ತೆ


ಜೂನ್ 2

ಸೂಜಿ,

ಕ್ಷೇಮವಾಗಿ ಬಂದು ಸೇರಿದೆ. ಬಲಗಡೆಯದು ಸರಿಯಾಗಿದೆ ಅನ್ನುವ ಕಾಗದ ನಿನ್ನೆ ಬಂತು. ಮೂರು ಸಲ ಓದಿ ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟೆ. ರಕ್ತದ ಫಲಿತಾಂಶ ನಿನ್ನ ಕೈಗೇ ಬರಲಿ ಅಂತ ಬರೆದುಕೊಟ್ಟು ಬಂದಿದ್ದೇನಲ್ಲ, ಬಂದ ದಿನವೇ ತಿಳಿಸು.

ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಆ ತಣ್ಣನೆಯ ಕೋಣೆಯಲ್ಲಿ ಗೌನು ಬಿಚ್ಚುವ ಹೊತ್ತಿಗೆ ನೀನು ನಿಲ್ಲಿಸಿದ್ದ ಆ ಹುಡುಗಿಯ ಮುಖ ನೋಡಿದೆ, ನನ್ನಿಂದಾಗಲಿಲ್ಲ. ನಿನ್ನನ್ನೇ ಕರೆಯಿರಿ ಅಂದೆ. ನೀನು ಬಂದೆ, ಬೇರೆ ಕಡೆ ನೋಡಲಿಲ್ಲ. ನೋಡಬೇಕಾದ್ದನ್ನು ನೋಡಿ, "ಅತ್ತೆ, ಈ ಹೊಲಿಗೆ ಯಾರು ಹಾಕಿದ್ದು? ನೀವು ಹಾಕಿದ್ರೆ ಇನ್ನೂ ನೆಟ್ಟಗಿರ್ತಿತ್ತು" ಅಂದೆ. ನೀನು ಕೋಪದ ಮುಖ ಇಟ್ಟುಕೊಂಡೇ ಅಂದೆ. ನನಗೆ ನಗು ಬಂತು, ಆಮೇಲೆ ಅದು ಅಳುವಾಯಿತು. ಯಂತ್ರ ಹಿಸುಕಿದ್ದಕ್ಕೆ ಅತ್ತದ್ದು ಅಂತ ನೀನು ಅಂದುಕೊಂಡಿದ್ದರೆ ಹಾಗೇ ಇರಲಿ.

ಅತ್ತಿಗೆ ಬಸ್ ನಿಲ್ದಾಣದಲ್ಲಿ ನನ್ನ ಚೀಲ ಮಾತ್ರ ತೆಗೆದುಕೊಂಡರು. ಎರಡನೆಯ ದಿನ ನೀನು ಕೆಲಸಕ್ಕೆ ಹೋದ ಮೇಲೆ, "ಆ ಶನಿವಾರಗಳಲ್ಲಿ ಅವರು ಏನ್ ಮಾತಾಡ್ತಿದ್ರು, ಹೇಳು" ಅಂದರು. ಮಧ್ಯಾಹ್ನದವರೆಗೆ ಹೇಳಿದೆ. ಅಣ್ಣ ಅಲ್ಲಿ ಕೂತು ಆಡುತ್ತಿದ್ದುದು ಹೆಚ್ಚಾಗಿ ಅತ್ತಿಗೆಯದೇ ಮಾತು: ಇವಳು ಹೀಗಂದಳು, ಇವಳಿಗೆ ಸುಳ್ಳು ಹೇಳಿ ಬಂದೆ, ಸಂಕಟವಾಗುತ್ತೆ. ಅದನ್ನೂ ಹೇಳಿದೆ. ಅತ್ತಿಗೆ ಎದ್ದು ಹೋಗಿ ನನಗೆ ಇನ್ನೊಂದು ಲೋಟ ಚಹಾ ಮಾಡಿಕೊಟ್ಟರು.

ಡಾಕ್ಟರಮ್ಮ ನಮ್ಮ ವಂಶದ ಚಿತ್ರ ಬರೆದದ್ದು ನೀನೂ ನೋಡಿದೆ. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ, ಕಾಯಿಲೆ ಬಂದವರಿಗೆ ಕಪ್ಪು. ಅಮ್ಮನ ದುಂಡು ಕಪ್ಪು, ನನ್ನದು ಕಪ್ಪು. ಚಿಕ್ಕಮ್ಮನ ದುಂಡಿನ ಮುಂದೆ, ಇವರು ಯಾವುದರಿಂದ ಹೋದರು ಅಂತ ಕೇಳಿದರು. ಜ್ವರ ಅಂತ ಕೇಳಿದ್ದೆ ಅಂದೆ. ಅವರು ನನ್ನ ಮುಖ ನೋಡಿ ಪ್ರಶ್ನೆ ಗುರುತು ಹಾಕಿದರು. ನಮ್ಮ ಮನೆಯ ಹೊಟ್ಟೆನೋವಿನ ಹಾಗೆಯೇ ಅವರ ಮನೆಯ ಜ್ವರವೂ ಇರಬಹುದು ಅಂತ ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ಅತ್ತೆ


ಜುಲೈ 14

ಅತ್ತೆ,

ನಿಮ್ಮ ರಕ್ತದಲ್ಲಿ ಆ ದೋಷ ಸಿಕ್ಕಿದೆ ಅಂತ ಹೋದ ತಿಂಗಳು ಫೋನಿನಲ್ಲಿ ಹೇಳಿದ್ದೆ. ನನ್ನದೂ ಬಂತು. ನನ್ನಲ್ಲೂ ಇದೆ. ಅರ್ಧಕ್ಕರ್ಧ ಸಾಧ್ಯತೆ ಅಂದಿದ್ದರು, ನನ್ನ ಪಾಲಿಗೆ ಈ ಅರ್ಧ ಬಂತು.

ಮೊದಲು ಒಳ್ಳೆಯದನ್ನು ಬರೆಯಬೇಕಿತ್ತೇನೋ. ಎಂಆರ್‌ಐ, ಮ್ಯಾಮೊಗ್ರಾಮ್ ಎರಡೂ ಆದವು, ಸದ್ಯಕ್ಕೆ ಏನೂ ಇಲ್ಲ. ಇನ್ನು ಆರು ತಿಂಗಳಿಗೊಮ್ಮೆ ಒಂದಾದ ಮೇಲೆ ಒಂದು. ಮುಂದೆ ಬೇಕಿದ್ದರೆ ಆಪರೇಷನ್ ದಾರಿಯೂ ಇದೆ, ಅಂಡಾಶಯದ ಬಗ್ಗೆಯೂ ಯೋಚಿಸಬೇಕು, ಆತುರವಿಲ್ಲ ಅಂದರು ಡಾಕ್ಟರಮ್ಮ. ಎಂಆರ್‌ಐ ಕೊಳವೆಯಲ್ಲಿ ಬೋರಲು ಮಲಗಿದ್ದಾಗ ಆ ಬ್ಯಾಂಕಿನವರ ನೆನಪಾಯಿತು. ಅವರಿಗೆ ಈ ಅವಕಾಶ ಸಿಗಲಿಲ್ಲ, ನನಗೆ ಸಿಕ್ಕಿತು. ತಡವಾಗಿಯಾದರೂ ನೀವು ಬರೆದದ್ದರಿಂದ ಸಿಕ್ಕಿತು.

ಕೋಪ ಪೂರ್ತಿ ಹೋಗಿಲ್ಲ. ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ನೀವು ನನಗೆ ಈ ಕಾಯಿಲೆ ಕೊಟ್ಟಿರಿ ಅಂತ ಮಾತ್ರ ಅಂದುಕೊಳ್ಳಬೇಡಿ. ಇದನ್ನು ಕೊಟ್ಟದ್ದು ಯಾರ ತಪ್ಪೂ ಅಲ್ಲ, ಹೇಳದೆ ಇದ್ದದ್ದು ತಪ್ಪು. ಅದನ್ನು ತಿದ್ದಲು ನಿಮಗೆ ಇನ್ನೊಂದು ಜಾಗ ಉಳಿದಿದೆ. ಪ್ರಶ್ನೆ ಗುರುತು ಹಾಕಿದ ಆ ದುಂಡಿನ ಕೆಳಗೆ ಎಷ್ಟು ಹೆಣ್ಣುಮಕ್ಕಳಿದ್ದಾರೆ?

ಅಮ್ಮ ನಿಮ್ಮನ್ನು ಮತ್ತೆ ಬರಹೇಳಿದ್ದಾಳೆ. ಆ ದೊಡ್ಡ ಕೋಟನ್ನು ಸೋಫಾದಿಂದ ತೆಗೆದಿದ್ದಾಳೆ, ನಿಮ್ಮ ಕೈಯಲ್ಲೇ ಕಿರಿದು ಮಾಡಿಸಬೇಕಂತೆ.

ನಿಮ್ಮ,
ಸೂಜಿ


ಜುಲೈ 25

ಮೊಂಡಿ,

ಹದಿನೇಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಳಾಸ ಬದಲಾಗಿಲ್ಲ ಅಂದುಕೊಂಡಿದ್ದೇನೆ. ನನ್ನ ಅಕ್ಷರ ನೋಡಿಯೇ ಹರಿಯುವವಳು ನೀನು, ಹರಿಯಬೇಡ. ಬೈಯುವುದಾದರೆ ಪೂರ್ತಿ ಓದಿ ಬೈ.

ಚಿಕ್ಕಮ್ಮ ತೀರಿಕೊಂಡಾಗ ನಾನು ಬರಲಿಲ್ಲ. ಕಾರ್ಖಾನೆಯ ಕೆಲಸ ಅಂತ ಹೇಳಿಸಿದ್ದು ಸುಳ್ಳು. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಎಡಗಡೆಯದನ್ನು ತೆಗೆದಿದ್ದರು, ತಲೆಯಲ್ಲಿ ಒಂದು ಕೂದಲಿರಲಿಲ್ಲ. ನಮ್ಮಮ್ಮ ಹೋಗಿದ್ದೂ ಅದರಿಂದಲೇ, ಹೊಟ್ಟೆನೋವಿನಿಂದ ಅಲ್ಲ. ನಾಚಿಕೆಯಾಗಿ ಹೇಳಲಿಲ್ಲ. ಆ ಪದವನ್ನು ನಾನು ಕೈಯಾರೆ ಬರೆಯುತ್ತಿರುವುದು ಇದೇ ಮೊದಲು. ಅಷ್ಟೇನೂ ಕಷ್ಟವಾಗಲಿಲ್ಲ.

ಈಗ ಬರೆಯಲು ಕಾರಣ, ಇದು ನಮ್ಮ ರಕ್ತದಲ್ಲೇ ಇದೆ ಅಂತ ಪರೀಕ್ಷೆಯಲ್ಲಿ ಸಿಕ್ಕಿದೆ. ನನ್ನಲ್ಲಿ ಇದೆ, ಅಣ್ಣನ ಮಗಳಲ್ಲೂ ಇದೆ. ನಮ್ಮಮ್ಮನೂ ನಿಮ್ಮಮ್ಮನೂ ಒಡಹುಟ್ಟಿದವರು, ಹಾಗಾಗಿ ನಿಮ್ಮಲ್ಲೂ ಇರಬಹುದು. ಇರಲೇಬೇಕು ಅಂತಿಲ್ಲ. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಇದೆ ಅಂತಾದರೆ ನಲವತ್ತಾಗಲಿ ಅಂತ ಕಾಯುವಂತಿಲ್ಲ, ಮೂವತ್ತರಿಂದ, ಇನ್ನೂ ಮೊದಲೂ, ವರ್ಷ ವರ್ಷ ನೋಡಿಸಬೇಕು. ನೀನು, ನಿನ್ನ ತಂಗಿ ಚಿಕ್ಕವಳು, ನಿನ್ನ ಮಗಳು, ಮೂವರೂ ಡಾಕ್ಟರ ಹತ್ತಿರ ಹೋಗಿ. ನನ್ನ ಹೆಸರು, ನನ್ನ ಕಾಯಿಲೆ, ನನ್ನ ವಯಸ್ಸು ಎಲ್ಲ ಹೇಳಿ. ನನ್ನ ಪರೀಕ್ಷೆಯ ಕಾಗದದ ನಕಲು ಇದರ ಜೊತೆ ಇಟ್ಟಿದ್ದೇನೆ, ಅದನ್ನು ತೋರಿಸಿ. ಅಣ್ಣನ ಮಗಳು ಅಲ್ಲೇ ಕೆಲಸ ಮಾಡುತ್ತಾಳೆ, ಇಲ್ಲಿಗೆ ಬಂದರೆ ಜೊತೆಗೆ ನಿಲ್ಲುತ್ತಾಳೆ.

ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ಇದನ್ನು ಮಾಡು, ಮೊಂಡುತನ ಮಾಡಬೇಡ.

ನಿನ್ನ ಜೊತೆ ಬೆಂಚಿನಲ್ಲಿ ಕೂರುತ್ತಿದ್ದವಳು


ಆಗಸ್ಟ್ 11

ಅಕ್ಕ,

ನಾನು ಚಿಕ್ಕವಳು ಬರೆಯುತ್ತಿರುವುದು. ನೀನು ನಮ್ಮಕ್ಕನಿಗೆ ಬರೆದ ಪತ್ರವನ್ನು ನಾನು ಒಡೆದೆ. ನಮ್ಮಕ್ಕ ಹೋಗಿ ನಾಲ್ಕು ವರ್ಷವಾಯಿತು.

ನಿನಗೆ ತಿಳಿಸಲಿಲ್ಲ. ಅಮ್ಮನ ಸಾವಿಗೆ ಬಾರದವಳಿಗೆ ಯಾಕೆ ಅಂತ ಬಿಟ್ಟೆವು. ಶ್ವಾಸಕೋಶದ ತೊಂದರೆ ಅಂತ ಎಲ್ಲರಿಗೂ ಹೇಳಿದ್ದೆವು. ಶ್ವಾಸಕೋಶಕ್ಕೆ ಕೊನೆಯಲ್ಲಿ ಬಂತು, ಶುರುವಾದದ್ದು ನೀನು ಬರೆದ ಜಾಗದಲ್ಲೇ. ಅಮ್ಮನಿಗೂ ಅದೇ. ಜ್ವರ ಅಂದದ್ದು ನಮ್ಮಕ್ಕನೇ. ನಿನಗೆ ಮಾತ್ರ ತಿಳಿಯಬಾರದು ಅಂತ ಹಟ ಹಿಡಿದಿದ್ದಳು. ನೀವು ಗಟ್ಟಿಮುಟ್ಟು ಮೈಯವರು, ನಮ್ಮನ್ನು ನೋಡಿ ಅಯ್ಯೋ ಅನ್ನುತ್ತೀರಿ ಅಂತ. ತನಗೆ ಗಂಟು ಸಿಕ್ಕಾಗಲೂ ಒಂದು ವರ್ಷ ಯಾರಿಗೂ ಹೇಳಲಿಲ್ಲ.

ನಿನ್ನ ಪತ್ರವನ್ನು ಅವಳ ಫೋಟೋದ ಮುಂದೆ ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ಅವಳ ಮೇಲೂ ನಿನ್ನ ಮೇಲೂ ಎಂಥ ಸಿಟ್ಟು ಬಂತು ಅಂತ ಹೇಳಲಾರೆ. ಇಬ್ಬರೂ ಒಂದೇ ಮಾತನ್ನು ಮುಚ್ಚಿಟ್ಟುಕೊಂಡು ಮಾತು ಬಿಟ್ಟಿರಿ.

ಅವಳ ಮಗಳಿಗೆ ಈಗ ಇಪ್ಪತ್ತೊಂಬತ್ತು. ಅಮ್ಮ ಶ್ವಾಸಕೋಶದಿಂದ ಹೋದಳು ಅಂತಲೇ ಅವಳೂ ನಂಬಿದ್ದಳು. ಈ ಕಾಗದ ಬರೆಯುವ ಮೊದಲು ಅವಳನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಅಳಲಿಲ್ಲ. ನಿನ್ನ ಪರೀಕ್ಷೆಯ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, "ಇವರು ಬದುಕಿದಾರಾ?" ಅಂತ ಕೇಳಿದಳು. ಹೌದು ಅಂದೆ. ನಿನ್ನನ್ನು ನೋಡಬೇಕಂತೆ.

ಯಾವ ದಿನ ಬರೋಣ, ಬರೆ.

ಚಿಕ್ಕವಳು